ಮಾತು ಆಜ್ಞೆಯಾದ ಬಗೆ: ವೆಬ್ ತಂತ್ರಾಂಶದ ಒಂದು ದೋಷದ ಚರಿತ್ರೆ

೧

ಲಿಖಿತವಿರುವಲ್ಲಿ ಕೂಟಲಿಖಿತದ ಭಯವೂ ಇದ್ದೇ ಇರುತ್ತದೆ. ಗಂಗರ ತಾಮ್ರಪಟಗಳಲ್ಲಿ ನಿಜವಾದುವು ಯಾವುವು, ಕೂಟವಾದುವು ಯಾವುವು ಎಂಬ ವಿಷಯದಲ್ಲಿ ಫ್ಲೀಟ್ ಮತ್ತು ರೈಸ್ ಮಹಾಶಯರಿಗೆ ನಡೆದ ವಾದವನ್ನು ವಾಚಕರು ಬಲ್ಲರು. ತಾಮ್ರಪಟವನ್ನು ಹುಸಿಯಾಗಿ ಸೃಷ್ಟಿಸಬೇಕಾದರೆ ಲೋಹವೂ ಕಂಡರಿಸುವವನೂ ಬೇಕಾಗಿದ್ದಿತು. ಈಗಲಾದರೋ ಜನರ ಹೆಸರು, ಜಮೀನಿನ ವಿವರ, ಬ್ಯಾಂಕಿನ ಲೆಕ್ಕ ಮೊದಲಾದುವೆಲ್ಲವೂ ಡೇಟಾಬೇಸುಗಳಲ್ಲಿ ಸೇರಿ, ವೆಬ್ ಪುಟಗಳ ಮೂಲಕ ದೂರದಲ್ಲಿರುವವರಿಗೂ ದೊರೆಯುವಂತಾಗಿವೆ. ನಮ್ಮ ನಾಡಿನಲ್ಲಿಯೇ, ೨೦೦೦ದ ಸುಮಾರಿಗೆ ಮೊದಲಾದ 'ಭೂಮಿ' ಯೋಜನೆಯಿಂದ, ಗ್ರಾಮಲೆಕ್ಕಿಗರ ಕೈಬರೆಹದಲ್ಲಿದ್ದ ಸುಮಾರು ೨ ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದುವು. ಹೀಗಿರುವಾಗ ಇಂತಹ ಲಿಖಿತಗಳನ್ನು ಹೊರಗಿನವರು ಕದಿಯುವುದೂ ತಿದ್ದುವುದೂ ಯಾವ ದಾರಿಯಿಂದ ಸಾಧ್ಯವಾಯಿತು ಎಂಬ ವಿಚಾರವು ತಂತ್ರಾಂಶವನ್ನು ಬರೆಯುವವರಿಗೆ ಮಾತ್ರವಲ್ಲದೆ ಎಲ್ಲರಿಗೂ ಸಂಬಂಧಪಟ್ಟುದಾಗಿದೆ.

ವೆಬ್ ತಂತ್ರಾಂಶದಲ್ಲಿ ಕಂಡುಬರುವ ಲೋಪಗಳು ಹಲವು ಬಗೆಯವು. ಅವುಗಳ ಪಟ್ಟಿಗಳನ್ನು ಬಲ್ಲವರು ಸಿದ್ಧಪಡಿಸಿದ್ದಾರೆ. ಪ್ರಕೃತ ಲೇಖನದ ಉದ್ದೇಶವು ಇನ್ನೊಂದು ಪಟ್ಟಿಯನ್ನು ಕೊಡುವುದಲ್ಲ. ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದ 'ಇಂಜೆಕ್ಷನ್' ಎಂಬ ದೋಷದ ಚರಿತ್ರೆಯನ್ನು ಕಾಲಾನುಕ್ರಮವಾಗಿ ನೋಡಿ, ಅದು ಇಷ್ಟು ದೀರ್ಘಕಾಲ ಉಳಿದುಬಂದುದಕ್ಕೆ ಕಾರಣವೇನೆಂಬುದನ್ನು ನಿರ್ಣಯಿಸುವುದೇ ಉದ್ದೇಶವಾಗಿದೆ. ಕಳ್ಳರ ಕುಶಲತೆಯೇ ಇದಕ್ಕೆ ಕಾರಣವೆಂದು ಕೆಲವರೂ, ಔಷಧವು ತಡವಾಗಿ ದೊರೆತುದೇ ಕಾರಣವೆಂದು ಕೆಲವರೂ ಭಾವಿಸುವುದುಂಟು. ಚರಿತ್ರೆಯನ್ನು ಪರಿಶೀಲಿಸಿದರೆ ಈ ಎರಡೂ ನಿಲ್ಲುವುದಿಲ್ಲ. ರೋಗಕ್ಕೆ ಹೆಸರು ಬರುವುದಕ್ಕೆ ಮೊದಲೇ ಔಷಧವು ಇದ್ದಿತೆಂಬುದು ಮುಂದೆ ವಿಶದವಾಗುವುದು.

೨

ಮೊದಲು ದೋಷದ ಸ್ವರೂಪವನ್ನು ಹೇಳಬೇಕು. ಇದನ್ನು ತಿಳಿಯುವುದಕ್ಕೆ ಕನ್ನಡವ್ಯಾಕರಣವೇ ಸಾಕಾಗಿದೆ. ಇನ್ನೊಬ್ಬರ ಮಾತನ್ನು ನಮ್ಮ ವಾಕ್ಯದೊಳಗೆ ಸೇರಿಸುವಾಗ ಆ ಮಾತು ಮುಗಿದುದನ್ನು 'ಎಂದು' ಎಂಬ ಪದದಿಂದ ಸೂಚಿಸುತ್ತೇವಷ್ಟೆ. ಒಂದು ಕಚೇರಿಯಲ್ಲಿ ಹೀಗೊಂದು ಆಜ್ಞಾಪತ್ರದ ನಮೂನೆ ಇರುವುದೆಂದು ಭಾವಿಸೋಣ: "ಅರ್ಜಿದಾರನ ಹೆಸರನ್ನು … ಎಂದು ಬರೆದುಕೊಳ್ಳತಕ್ಕದ್ದು." ನಡುವಣ ತೆರವಿನಲ್ಲಿ ಅರ್ಜಿದಾರನು ಹೇಳಿದುದನ್ನು ಹೇಳಿದಂತೆಯೇ ತುಂಬುವುದು ಗುಮಾಸ್ತನ ಕೆಲಸ. ತುಂಬಿದ ಆಜ್ಞೆಯನ್ನು ಇನ್ನೊಬ್ಬನು ಓದಿ ನಡೆಸುತ್ತಾನೆ. ಅರ್ಜಿದಾರನು 'ಬಸಪ್ಪ' ಎಂದರೆ ಯಾವ ತೊಂದರೆಯೂ ಇಲ್ಲ. ಆದರೆ ಒಬ್ಬನು ಬಂದು ತನ್ನ ಹೆಸರು 'ಬಸಪ್ಪ ಎಂದು ಬರೆದುಕೊಂಡು, ಅವನ ಕಂದಾಯವೆಲ್ಲವೂ ಸಂದಿದೆ' ಎಂಬುದಾಗಿ ಹೇಳಿದನೆನ್ನೋಣ. ಗುಮಾಸ್ತನು ಅದನ್ನು ತೆರವಿನಲ್ಲಿ ತುಂಬಿದರೆ ಆಜ್ಞೆಯು ಹೀಗಾಗುತ್ತದೆ: "ಅರ್ಜಿದಾರನ ಹೆಸರನ್ನು ಬಸಪ್ಪ ಎಂದು ಬರೆದುಕೊಂಡು, ಅವನ ಕಂದಾಯವೆಲ್ಲವೂ ಸಂದಿದೆ ಎಂದು ಬರೆದುಕೊಳ್ಳತಕ್ಕದ್ದು." ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ. ಓದುವವನು ಅವಿಧೇಯನಲ್ಲ. ಆದರೂ ಕೇಳಿಕೊಳ್ಳಲು ಬಂದವನ ಮಾತು ಅಧಿಕಾರಿಯ ಆಜ್ಞೆಯಾಗಿಬಿಟ್ಟಿತು.

ಇದೇ 'ಇಂಜೆಕ್ಷನ್'. ಡೇಟಾಬೇಸಿಗೆ ಆಜ್ಞೆಗಳನ್ನು ಕೊಡುವ ಎಸ್‌ಕ್ಯೂಎಲ್ ಎಂಬ ಭಾಷೆಯಲ್ಲಿ 'ಎಂದು' ಎಂಬುದರ ಸ್ಥಾನವನ್ನು ಒಂಟಿ ಉದ್ಧರಣಚಿಹ್ನೆಯು ವಹಿಸಿದೆ. ಹೊರಗಿನಿಂದ ಬಂದ ಮಾತಿನಲ್ಲಿ ಆ ಚಿಹ್ನೆಯಿದ್ದರೆ ಮಾತು ಅಲ್ಲಿಗೇ ಮುಗಿದು, ಉಳಿದುದು ಆಜ್ಞೆಯ ಭಾಗವಾಗುತ್ತದೆ. ಇದಕ್ಕೆ ದುರುದ್ದೇಶವೇ ಬೇಕೆಂಬುದಿಲ್ಲ. ಮಂಗಳೂರಿನ ಕಡೆಯ ಕ್ರೈಸ್ತರಲ್ಲಿ ಸಾಮಾನ್ಯವಾದ ಡಿ'ಸೋಜ ಎಂಬ ಮನೆತನದ ಹೆಸರಿನಲ್ಲಿ ಈ ಚಿಹ್ನೆಯು ಇದೆ. ಹೀಗೆ ಬರೆದ ತಂತ್ರಾಂಶದಲ್ಲಿ ಡಿ'ಸೋಜರು ತಮ್ಮ ನಿಜವಾದ ಹೆಸರನ್ನು ತುಂಬಿದರೂ ವಾಕ್ಯವು ನಡುವೆ ಮುರಿದು ಯಂತ್ರವು ತಪ್ಪೆಂದು ನಿಂತುಬಿಡುವುದು. ಸಜ್ಜನನಿಗೆ ಆಗುವ ತೊಡಕು ಮತ್ತು ದುರ್ಜನನಿಗೆ ದೊರೆಯುವ ಬಾಗಿಲು ಎರಡೂ ಒಂದೇ ಲೋಪದ ಎರಡು ಮುಖಗಳು.

ಮಾತನ್ನು ಹೇಳುವುದಕ್ಕೂ ಮಾತನ್ನು ನಡೆಸುವುದಕ್ಕೂ ಇರುವ ಭೇದವು ನಮ್ಮ ಶಾಸ್ತ್ರಕಾರರಿಗೆ ಹೊಸದಲ್ಲ. ವ್ಯಾಕರಣದಲ್ಲಿ ಒಂದು ಶಬ್ದವನ್ನು ಹೇಳಿದರೆ, ಅದು ಪಾರಿಭಾಷಿಕ ಸಂಜ್ಞೆಯಲ್ಲದ ಪಕ್ಷದಲ್ಲಿ, ಆ ಶಬ್ದದ ರೂಪವನ್ನೇ ಗ್ರಹಿಸಬೇಕು, ಅರ್ಥವನ್ನಲ್ಲ ಎಂದು ಪಾಣಿನಿಯು ಅಷ್ಟಾಧ್ಯಾಯಿಯ ಮೊದಲನೆಯ ಅಧ್ಯಾಯದ ಮೊದಲನೆಯ ಪಾದದ ೬೮ನೆಯ ಸೂತ್ರದಲ್ಲಿ ವಿಧಿಸಿರುವನು. ಒಂದೇ ಅಕ್ಷರಸಮುದಾಯವನ್ನು ಎಲ್ಲಿ ರೂಪಮಾತ್ರವಾಗಿಯೂ ಎಲ್ಲಿ ಅರ್ಥವಾಗಿಯೂ ಗ್ರಹಿಸಬೇಕೆಂಬುದನ್ನು ಆತನು ಪ್ರಾರಂಭದಲ್ಲಿಯೇ ಗೊತ್ತುಮಾಡಿದನು. ವೆಬ್ ತಂತ್ರಾಂಶದ ಆದಿಕಾಲದಲ್ಲಿ ಈ ವ್ಯವಸ್ಥೆಯು ಇಲ್ಲದೆಹೋದುದೇ ಮುಂದಿನ ಅನರ್ಥಕ್ಕೆ ಮೂಲ.

೩

ಎಡ್ಗರ್ ಕಾಡ್ ಎಂಬ ವಿದ್ವಾಂಸರು ಐಬಿಎಂ ಸಂಸ್ಥೆಯಲ್ಲಿದ್ದಾಗ ೧೯೭೦ರಲ್ಲಿ ಸಂಬಂಧಾತ್ಮಕ ಡೇಟಾಬೇಸಿನ ತತ್ತ್ವವನ್ನು ಪ್ರಕಟಿಸಿದರು. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಎಂಬವರು ಆ ತತ್ತ್ವಕ್ಕೆ ಅನುಗುಣವಾದ ಸೀಕ್ವೆಲ್ ಎಂಬ ಭಾಷೆಯನ್ನು ೧೯೭೪ರಲ್ಲಿ ರಚಿಸಿದರು. ಇದೇ ಮುಂದೆ ಎಸ್‌ಕ್ಯೂಎಲ್ ಆಯಿತು. ಪ್ರೋಗ್ರಾಂ ಬರೆಯುವ ವಿದ್ಯೆಯನ್ನರಿಯದ ಜನರೂ ಯಂತ್ರದ ಮುಂದೆ ಕುಳಿತು ಇಂಗ್ಲಿಷಿಗೆ ಹತ್ತಿರವಾದ ವಾಕ್ಯಗಳಿಂದ ಪ್ರಶ್ನಿಸಬಲ್ಲವರಾಗಬೇಕೆಂಬುದು ಅವರ ಆಶಯವಾಗಿದ್ದಿತು. ಅಂತಹ ಸನ್ನಿವೇಶದಲ್ಲಿ ವಾಕ್ಯವನ್ನು ರಚಿಸುವವನೂ ತೆರವನ್ನು ತುಂಬುವವನೂ ಒಬ್ಬನೇ ಆಗಿರುತ್ತಾನೆ. ಆದಕಾರಣ ಮಾತಿಗೂ ಆಜ್ಞೆಗೂ ಕಲಹವುಂಟಾಗುವ ಪ್ರಸಕ್ತಿಯೇ ಇರಲಿಲ್ಲ.

ವೆಬ್ಬು ಬಂದ ಮೇಲೆ ಈ ಸ್ಥಿತಿಯು ಬದಲಾಯಿತು. ೧೯೯೩ರಲ್ಲಿ ಅಮೆರಿಕದ ಎನ್‌ಸಿಎಸ್‌ಎ ಎಂಬ ಗಣಕಕೇಂದ್ರದವರು ಸಿಜಿಐ ಎಂಬ ಕ್ರಮವನ್ನು ಬಳಕೆಗೆ ತಂದರು. ಓದುಗನು ಪುಟದಲ್ಲಿ ತುಂಬಿದ ಮಾತನ್ನು ದೂರದ ಯಂತ್ರದಲ್ಲಿರುವ ಪ್ರೋಗ್ರಾಮಿಗೆ ಮುಟ್ಟಿಸುವುದು ಇದರಿಂದ ಸುಲಭವಾಯಿತು. ಅಲ್ಲಿಂದ ಮುಂದೆ ವಾಕ್ಯವನ್ನು ರಚಿಸುವವನು ಒಬ್ಬನು, ತೆರವನ್ನು ತುಂಬುವವನು ಮತ್ತೊಬ್ಬನು ಎಂದಾಯಿತು. ತುಂಬುವವನು ಯಾರೆಂಬುದು ರಚಿಸಿದವನಿಗೆ ಗೊತ್ತಿಲ್ಲ.

ಇದರ ಫಲವು ಬೇಗನೆ ಕಂಡುಬಂದಿತು. ಎನ್‌ಸಿಎಸ್‌ಎ ಮತ್ತು ಅಪಾಚೆ ಸರ್ವರುಗಳ ಜೊತೆಯಲ್ಲಿ ಮಾದರಿಗಾಗಿ ಕೊಟ್ಟಿದ್ದ 'ಪಿಎಚ್‌ಎಫ್' ಎಂಬ ವಿಳಾಸ ಹುಡುಕುವ ಪ್ರೋಗ್ರಾಮಿನಲ್ಲಿ ಲೋಪವಿರುವುದೆಂದು ೧೯೯೬ರ ಮಾರ್ಚಿಯಲ್ಲಿ ಸರ್ಟ್ ಸಂಸ್ಥೆಯವರು ಎಚ್ಚರಿಕೆಯನ್ನು ಪ್ರಕಟಿಸಿದರು. ಹೊರಗಿನ ಮಾತಿನಲ್ಲಿರಬಹುದಾದ ಅಪಾಯಕರ ಚಿಹ್ನೆಗಳನ್ನು ನಿಷ್ಫಲಗೊಳಿಸುವುದಕ್ಕೆ ಅದರಲ್ಲಿ ಒಂದು ಭಾಗವೇನೋ ಇದ್ದಿತು. ಆದರೆ ಆ ಚಿಹ್ನೆಗಳ ಪಟ್ಟಿಯಲ್ಲಿ ಹೊಸ ಸಾಲನ್ನು ಮೊದಲುಮಾಡುವ ಚಿಹ್ನೆಯೊಂದು ಬಿಟ್ಟುಹೋಗಿದ್ದಿತು. ಅಷ್ಟರಿಂದಲೇ ಹೊರಗಿನವನು ಸರ್ವರಿನಲ್ಲಿ ತನಗಿಷ್ಟವಾದ ಆಜ್ಞೆಯನ್ನು ನಡೆಸಬಹುದಾಗಿದ್ದಿತು. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ನಿಷಿದ್ಧವಾದುವುಗಳ ಪಟ್ಟಿಯನ್ನು ನಂಬಿದರೆ ಒಂದು ಮರೆವಿಗೂ ಕ್ಷಮೆಯಿಲ್ಲ ಎಂಬುದು ಒಂದು. ಲೋಪವು ಇದ್ದುದು ಇತರರು ನೋಡಿ ಕಲಿಯಲೆಂದು ಕೊಟ್ಟ ಮಾದರಿಯಲ್ಲಿ ಎಂಬುದು ಎರಡನೆಯದು.

೪

ಈಗ ಔಷಧದ ವಿಷಯಕ್ಕೆ ಬರೋಣ. ಮೇಲೆ ಹೇಳಿದ ಕಚೇರಿಯಲ್ಲಿ ಗುಮಾಸ್ತನು ತೆರವನ್ನು ತುಂಬುವುದನ್ನೇ ಬಿಟ್ಟು, ಆಜ್ಞಾಪತ್ರವನ್ನು ತೆರವಿನೊಡನೆಯೇ ಮೊದಲು ಕಳುಹಿಸಿ, ಓದುವವನು ಅದರ ಅರ್ಥವನ್ನು ನಿಶ್ಚಯಿಸಿಕೊಂಡ ಮೇಲೆ ಅರ್ಜಿದಾರನ ಮಾತನ್ನು ಬೇರೊಂದು ಲಕೋಟೆಯಲ್ಲಿ ಕಳುಹಿಸಿದರೆ, ಆ ಲಕೋಟೆಯಲ್ಲಿ ನೂರು 'ಎಂದು'ಗಳಿದ್ದರೂ ಹೆಸರು ಹೆಸರಾಗಿಯೇ ಉಳಿಯುತ್ತದೆ. ಎಸ್‌ಕ್ಯೂಎಲ್‌ನಲ್ಲಿ ಈ ಕ್ರಮಕ್ಕೆ 'ಪ್ರಿಪೇರ್ಡ್ ಸ್ಟೇಟ್‌ಮೆಂಟ್' ಎಂದು ಹೆಸರು. ೧೯೯೭ರಲ್ಲಿ ಹೊರಬಂದ ಜಾವಾ ಭಾಷೆಯ ೧.೧ನೆಯ ಆವೃತ್ತಿಯ ಜೆಡಿಬಿಸಿ ಎಂಬ ಡೇಟಾಬೇಸ್ ಸಾಧನದಲ್ಲಿ ಇದು ಇದ್ದಿತು. ತೆರವಿನ ಸ್ಥಾನದಲ್ಲಿ ಒಂದು ಪ್ರಶ್ನಾರ್ಥಕಚಿಹ್ನೆಯನ್ನಿಟ್ಟು ಮಾತನ್ನು ಪ್ರತ್ಯೇಕವಾಗಿ ಒಪ್ಪಿಸುವುದು ಅದರ ರೀತಿ. ಒಂದೇ ವಾಕ್ಯವನ್ನು ಮತ್ತೆ ಮತ್ತೆ ನಡೆಸುವಾಗ ಕಾಲವು ಉಳಿಯುವುದೆಂಬುದೂ ಇದರ ಒಂದು ಪ್ರಯೋಜನವಾಗಿದ್ದಿತು. ಪರ್ಲ್ ಭಾಷೆಯಲ್ಲಿಯಾದರೋ, ೧೯೯೪ರ ೫ನೆಯ ಆವೃತ್ತಿಯ ವೇಳೆಗೆ, ಹೊರಗಿನಿಂದ ಬಂದ ಮಾತೆಲ್ಲವನ್ನೂ ಮೈಲಿಗೆಯೆಂದು ಎಣಿಸಿ, ಅದು ಸೋಂಕಿದುದನ್ನೂ ಮೈಲಿಗೆಯೆಂದೇ ಗುರುತಿಸಿ, ಶೋಧಿಸದೆ ಅದನ್ನು ಆಜ್ಞೆಯಲ್ಲಿ ಬಳಸಗೊಡದ ವ್ಯವಸ್ಥೆಯೊಂದು ಬೇಕೆಂದವರಿಗೆ ದೊರೆಯುತ್ತಿದ್ದಿತು.

ರೋಗದ ವರ್ಣನೆಯು ಇವೆಲ್ಲವೂ ಆದ ಮೇಲೆ ಬಂದಿತು. ೧೯೯೮ರ ಡಿಸೆಂಬರಿನಲ್ಲಿ ಹೊರಟ 'ಫ್ರಾಕ್' ಎಂಬ ಪತ್ರಿಕೆಯ ೫೪ನೆಯ ಸಂಚಿಕೆಯಲ್ಲಿ, ಜೆಫ್ ಫಾರಿಸ್ಟಾಲ್ ಎಂಬವರು 'ರೈನ್ ಫಾರೆಸ್ಟ್ ಪಪ್ಪಿ' ಎಂಬ ಗುಪ್ತನಾಮದಿಂದ ಒಂದು ಲೇಖನವನ್ನು ಬರೆದರು. ವೆಬ್ ಪುಟದಲ್ಲಿ ತುಂಬಿದ ಮಾತಿನ ಬೆನ್ನಿಗೆ ತನ್ನದೊಂದು ಆಜ್ಞೆಯನ್ನು ಅಂಟಿಸಿ ಮೈಕ್ರೋಸಾಫ್ಟ್‌ನವರ ಎಸ್‌ಕ್ಯೂಎಲ್ ಸರ್ವರಿನಿಂದ ಅದನ್ನು ನಡೆಸಿಸಬಹುದೆಂದು ಅದರಲ್ಲಿ ತೋರಿಸಿದರು. ತಯಾರಕರಿಗೆ ತಿಳಿಸಿದಾಗ ಅವರು ಇದನ್ನೊಂದು ತೊಂದರೆಯೆಂದೇ ಎಣಿಸಲಿಲ್ಲವೆಂಬ ವ್ಯಂಗ್ಯವೂ ಆ ಲೇಖನದಲ್ಲಿದೆ. 'ಎಸ್‌ಕ್ಯೂಎಲ್ ಇಂಜೆಕ್ಷನ್' ಎಂಬ ಹೆಸರು ಪ್ರಚಾರಕ್ಕೆ ಬಂದುದು ಇದರ ತರುವಾಯವೇ. ಹೀಗೆ ಔಷಧವು ಮೊದಲು, ನಿದಾನವು ಆಮೇಲೆ ಎಂಬುದು ಈ ಚರಿತ್ರೆಯ ವಿಚಿತ್ರವಾಗಿದೆ.

೫

ಹಾಗಾದರೆ ರೋಗವು ಹರಡಿದುದು ಹೇಗೆ? ಇದಕ್ಕೆ ಉತ್ತರವು ಸಾಧನಗಳ ಚರಿತ್ರೆಯಲ್ಲಿದೆ. ರಾಸ್ಮುಸ್ ಲೆರ್ಡಾರ್ಫ್ ಎಂಬವರು ೧೯೯೫ರಲ್ಲಿ ಪ್ರಕಟಿಸಿದ ಪಿಎಚ್‌ಪಿ ಎಂಬ ಭಾಷೆಯೂ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸೂ ಉಚಿತವಾಗಿ ದೊರೆಯುತ್ತಿದ್ದುದರಿಂದ, ಸ್ವಲ್ಪ ಹಣದಿಂದ ಜಾಲತಾಣವನ್ನು ಕಟ್ಟುವವರಿಗೆ ಈ ಜೋಡಿಯೇ ಆಶ್ರಯವಾಯಿತು. ಆದರೆ ಮೈಎಸ್‌ಕ್ಯೂಎಲ್ ಸರ್ವರಿಗೆ ಪ್ರಿಪೇರ್ಡ್ ಸ್ಟೇಟ್‌ಮೆಂಟಿನ ಶಕ್ತಿಯು ಬಂದುದು ೨೦೦೪ರ ೪.೧ನೆಯ ಆವೃತ್ತಿಯಲ್ಲಿ. ಪಿಎಚ್‌ಪಿಯ ಹಳೆಯ ಮೈಎಸ್‌ಕ್ಯೂಎಲ್ ವಿಭಾಗದಲ್ಲಿ ಅದಕ್ಕೆ ಅವಕಾಶವೇ ಇರಲಿಲ್ಲ. ಅದಕ್ಕೆ ಅನುಕೂಲವಾದ ಹೊಸ ವಿಭಾಗವು ಅದೇ ೨೦೦೪ರ ೫ನೆಯ ಆವೃತ್ತಿಯೊಡನೆ ಬಂದಿತು. ಆ ವೇಳೆಗೆ ಒಂದು ತಲೆಮಾರಿನ ವಿದ್ಯಾರ್ಥಿಗಳು ಆಜ್ಞೆಯ ತುಂಡಿಗೆ ಮಾತಿನ ತುಂಡನ್ನು ಅಂಟಿಸಿ ವಾಕ್ಯ ಕಟ್ಟುವುದನ್ನೇ ಪಾಠವಾಗಿ ಕಲಿತುಬಿಟ್ಟಿದ್ದರು. ಹಳೆಯ ವಿಭಾಗವನ್ನು ಬಳಸಕೂಡದೆಂದು ೨೦೧೩ರಲ್ಲಿ ಸೂಚಿಸಿ, ೨೦೧೫ರ ಡಿಸೆಂಬರಿನಲ್ಲಿ ಹೊರಬಂದ ೭ನೆಯ ಆವೃತ್ತಿಯಲ್ಲಿ ತೆಗೆದುಹಾಕಿದರು. ಫ್ರಾಕ್ ಲೇಖನದಿಂದ ಅಲ್ಲಿಗೆ ೧೭ ವರ್ಷಗಳು ಸಂದಿದ್ದುವು.

ಈ ನಡುವೆ ಪಿಎಚ್‌ಪಿಯವರು ಚಿಕಿತ್ಸೆಯನ್ನೇ ಮಾಡಲಿಲ್ಲವೆಂದಲ್ಲ. 'ಮ್ಯಾಜಿಕ್ ಕೋಟ್ಸ್' ಎಂಬ ಏರ್ಪಾಡಿನಿಂದ, ಹೊರಗಿನಿಂದ ಬಂದ ಪ್ರತಿಯೊಂದು ಉದ್ಧರಣಚಿಹ್ನೆಯ ಹಿಂದೆಯೂ ಒಂದು ಓರೆಗೆರೆಯನ್ನು ತಾನಾಗಿ ಸೇರಿಸುವಂತೆ ಮಾಡಿದ್ದರು. ಚಿಕಿತ್ಸೆಯು ತಪ್ಪಾದ ಸ್ಥಳದಲ್ಲಿ ನಡೆಯಿತು. ಬಾಗಿಲಲ್ಲಿ ಬಂದ ಮಾತು ಡೇಟಾಬೇಸಿಗೆ ಹೋಗುವುದೋ, ಕಾಗದದಲ್ಲಿ ಹೋಗುವುದೋ, ಪುಟದ ಮೇಲೆ ಕಾಣಿಸುವುದೋ ಎಂಬುದು ಬಾಗಿಲಿನವನಿಗೆ ತಿಳಿಯದು. ಆದುದರಿಂದ ಡಿ'ಸೋಜರ ಹೆಸರು ಬೇಡದೆಡೆಯಲ್ಲೆಲ್ಲ ಓರೆಗೆರೆಯೊಡನೆ ಕಾಣಿಸಿಕೊಂಡಿತು. ಅತ್ತ, ಉದ್ಧರಣಚಿಹ್ನೆಯೇ ಬೇಡದ ಸಂಖ್ಯೆಗಳ ತೆರವಿನಲ್ಲಿ ದುರ್ಜನನಿಗೆ ಯಾವ ತಡೆಯೂ ಆಗಲಿಲ್ಲ. ರಕ್ಷಣೆಯಿದೆಯೆಂಬ ಭ್ರಾಂತಿಯನ್ನು ಮಾತ್ರ ಹುಟ್ಟಿಸಿದ ಈ ಏರ್ಪಾಡನ್ನು ೨೦೧೨ರ ೫.೪ನೆಯ ಆವೃತ್ತಿಯಲ್ಲಿ ಕಿತ್ತುಹಾಕಿದರು.

ಇದಕ್ಕೆ ಜನರು ತೆತ್ತ ಬೆಲೆಯು ಅಲ್ಪವಲ್ಲ. ಅಮೆರಿಕದಲ್ಲಿ ಅಂಗಡಿಗಳ ಕಾರ್ಡು ಪಾವತಿಗಳನ್ನು ನಡೆಸುತ್ತಿದ್ದ ಹಾರ್ಟ್‌ಲ್ಯಾಂಡ್ ಎಂಬ ಸಂಸ್ಥೆಯು ತನ್ನ ಯಂತ್ರಗಳೊಳಗೆ ಕಳ್ಳರು ಹೊಕ್ಕಿದ್ದರೆಂದು ೨೦೦೯ರ ಜನವರಿಯಲ್ಲಿ ಪ್ರಕಟಿಸಿತು. ಆ ಸಂಸ್ಥೆಯನ್ನೂ ಬೇರೆ ಕೆಲವನ್ನೂ ಸೇರಿಸಿ ೧೩ ಕೋಟಿ ಕಾರ್ಡುಗಳ ವಿವರವು ಕಳವಾಯಿತೆಂದು ಅದೇ ವರ್ಷದ ದೋಷಾರೋಪಣೆಯಲ್ಲಿ ಹೇಳಿದೆ. ಹೊಕ್ಕ ದಾರಿಯು ಎಸ್‌ಕ್ಯೂಎಲ್ ಇಂಜೆಕ್ಷನ್. ಮುಖ್ಯ ಅಪರಾಧಿಯಾದ ಆಲ್ಬರ್ಟ್ ಗೊನ್ಸಾಲೆಸ್ ಎಂಬವನಿಗೆ ೨೦೧೦ರ ಮಾರ್ಚಿಯಲ್ಲಿ ೨೦ ವರ್ಷಗಳ ಸೆರೆಯಾಯಿತು.

ಬ್ರಿಟನ್ನಿನ ಟಾಕ್‌ಟಾಕ್ ಎಂಬ ದೂರವಾಣಿ ಸಂಸ್ಥೆಯ ವೃತ್ತಾಂತವು ಇನ್ನೂ ಬೋಧಪ್ರದವಾಗಿದೆ. ೨೦೧೫ರ ಅಕ್ಟೋಬರಿನಲ್ಲಿ ಅದರ ೧,೫೬,೯೫೯ ಗ್ರಾಹಕರ ವಿವರಗಳು ಅನ್ಯರ ಕೈಸೇರಿದುವು. ೧೫,೬೫೬ ಮಂದಿಯ ಬ್ಯಾಂಕಿನ ಲೆಕ್ಕದ ಸಂಖ್ಯೆಗಳೂ ಅವುಗಳಲ್ಲಿದ್ದುವು. ಲೋಪವಿದ್ದುದು ೨೦೦೯ರಲ್ಲಿ ಆ ಸಂಸ್ಥೆಯು ಕೊಂಡುಕೊಂಡ ಟಿಸ್ಕಾಲಿ ಎಂಬ ಮತ್ತೊಂದು ಸಂಸ್ಥೆಯಿಂದ ಬಂದ ಹಳೆಯ ಪುಟಗಳಲ್ಲಿ. ಅಂತಹ ಪುಟಗಳು ಇನ್ನೂ ಬಳಕೆಯಲ್ಲಿವೆ ಎಂಬುದೇ ಕೊಂಡವರಿಗೆ ಗೊತ್ತಿರಲಿಲ್ಲ. ಅದೇ ವರ್ಷದ ಜುಲೈ ಮತ್ತು ಸೆಪ್ಟೆಂಬರಿನಲ್ಲಿ ನಡೆದಿದ್ದ ಎರಡು ಆಕ್ರಮಣಗಳೂ ಅವರನ್ನು ಎಚ್ಚರಿಸಲಿಲ್ಲ. ಮಾಹಿತಿ ಆಯುಕ್ತರ ಕಚೇರಿಯು ೨೦೧೬ರ ಅಕ್ಟೋಬರಿನಲ್ಲಿ ೪,೦೦,೦೦೦ ಪೌಂಡುಗಳ ದಂಡವನ್ನು ವಿಧಿಸಿತು. ಈ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡವರಲ್ಲಿ ೧೭ ವರ್ಷದ ಬಾಲಕನೂ ಒಬ್ಬನು. ಕಳ್ಳರ ಅಸಾಧಾರಣ ಕುಶಲತೆಯೇ ಕಾರಣವೆಂಬ ಪಕ್ಷವು ಇಲ್ಲಿಯೇ ಬಿದ್ದುಹೋಗುತ್ತದೆ.

೬

ಮಾತು ಆಜ್ಞೆಯಾಗುವುದು ಡೇಟಾಬೇಸಿನಲ್ಲಿ ಮಾತ್ರವಲ್ಲ. ೧೯೯೫ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯವರು ಜಾವಾಸ್ಕ್ರಿಪ್ಟ್ ಎಂಬ ಭಾಷೆಯನ್ನು ತಮ್ಮ ಬ್ರೌಸರಿನಲ್ಲಿ ಅಳವಡಿಸಿದ ಮೇಲೆ ವೆಬ್ ಪುಟವು ಓದುವ ಬರೆಹವೂ ನಡೆಯುವ ಪ್ರೋಗ್ರಾಮೂ ಆಯಿತು. ಒಬ್ಬನು ಬರೆದ ಟಿಪ್ಪಣಿಯನ್ನು ಇನ್ನೊಬ್ಬನಿಗೆ ತೋರಿಸುವ ಪುಟದಲ್ಲಿ, ಟಿಪ್ಪಣಿಯೊಳಗೆ ಸ್ಕ್ರಿಪ್ಟನ್ನು ಅಡಗಿಸಿಟ್ಟರೆ, ಓದುವವನ ಬ್ರೌಸರು ಅದನ್ನು ತಾಣದವರದೇ ಆಜ್ಞೆಯೆಂದು ನಂಬಿ, ಓದುವವನ ಅಧಿಕಾರದಿಂದಲೇ ನಡೆಸುವುದು. ಇದಕ್ಕೆ ಮೈಕ್ರೋಸಾಫ್ಟ್‌ನ ತಂತ್ರಜ್ಞರು ೨೦೦೦ದ ಜನವರಿಯಲ್ಲಿ 'ಕ್ರಾಸ್ ಸೈಟ್ ಸ್ಕ್ರಿಪ್ಟಿಂಗ್' ಎಂಬ ಹೆಸರನ್ನು ಗೊತ್ತುಮಾಡಿದರು. ಫೆಬ್ರವರಿ ೨ರಂದು ಸರ್ಟ್ ಸಂಸ್ಥೆಯ ಎಚ್ಚರಿಕೆಯು ಹೊರಟಿತು.

ಎಚ್ಚರಿಕೆ ಬಂದು ೫ ವರ್ಷಗಳಾದ ಮೇಲೆ, ೨೦೦೫ರ ಅಕ್ಟೋಬರಿನಲ್ಲಿ, ಸ್ಯಾಮಿ ಕಾಮ್ಕರ್ ಎಂಬ ೧೯ ವರ್ಷದ ತರುಣನು ಮೈಸ್ಪೇಸ್ ಎಂಬ ತಾಣದ ತನ್ನ ಪುಟದಲ್ಲಿ ಇಂತಹ ಒಂದು ಸ್ಕ್ರಿಪ್ಟನ್ನಿಟ್ಟನು. ಅದನ್ನು ನೋಡಿದವರೆಲ್ಲರೂ ತಮಗರಿವಿಲ್ಲದೆಯೇ ಅವನ ಸ್ನೇಹವನ್ನು ಬೇಡಿದರು. ಅವರ ಪುಟಗಳಿಗೂ ಅದು ಅಂಟಿಕೊಂಡಿತು. ೨೦ ಗಂಟೆಗಳೊಳಗಾಗಿ ೧೦ ಲಕ್ಷಕ್ಕೂ ಹೆಚ್ಚು ಪುಟಗಳಿಗೆ ಇದು ಹರಡಿತು. ಮೈಸ್ಪೇಸಿನವರು 'ಜಾವಾಸ್ಕ್ರಿಪ್ಟ್' ಎಂಬ ಪದವನ್ನೇ ನಿಷೇಧಿಸಿದ್ದರು. ಸ್ಯಾಮಿಯು ಆ ಪದವನ್ನು ನಡುವೆ ಮುರಿದು ಎರಡು ಸಾಲುಗಳಲ್ಲಿ ಬರೆದನು. ಕಾವಲುಗಾರನು ಅದನ್ನು ಬೇರೆಯ ಮಾತೆಂದು ಬಿಟ್ಟನು, ಕೆಲವು ಬ್ರೌಸರುಗಳು ಒಂದೇ ಪದವೆಂದು ಓದಿದುವು. ಪಿಎಚ್‌ಎಫ್ ಪ್ರೋಗ್ರಾಮನ್ನು ಕೆಡಿಸಿದ ಹೊಸ ಸಾಲಿನ ಚಿಹ್ನೆಯೇ ೯ ವರ್ಷಗಳ ತರುವಾಯ ಇಲ್ಲಿಯೂ ನಿಷಿದ್ಧಪಟ್ಟಿಯನ್ನು ವ್ಯರ್ಥಗೊಳಿಸಿತು.

ಇದರ ಔಷಧವು ಮಾತನ್ನು ಪುಟದ ಮೇಲೆ ಇಡುವ ಗಳಿಗೆಯಲ್ಲಿ, ಆ ಸ್ಥಳಕ್ಕೆ ತಕ್ಕಂತೆ, ಆಜ್ಞಾಚಿಹ್ನೆಗಳನ್ನು ಬರಿಯ ಅಕ್ಷರಗಳಾಗಿ ಬರೆಯುವುದು. ಇದನ್ನು ಪ್ರತಿಸಲವೂ ಮನುಷ್ಯನೇ ನೆನಪಿಟ್ಟು ಮಾಡಬೇಕಾದಷ್ಟು ಕಾಲವೂ ಮರೆವು ತಪ್ಪಲಿಲ್ಲ. ಜ್ಯಾಂಗೊ ಎಂಬ ಸಾಧನವು ೨೦೦೮ರ ೧.೦ನೆಯ ಆವೃತ್ತಿಯಲ್ಲಿಯೂ ರೈಲ್ಸ್ ಎಂಬುದು ೨೦೧೦ರ ೩ನೆಯ ಆವೃತ್ತಿಯಲ್ಲಿಯೂ ಈ ಕೆಲಸವನ್ನು ತಾವಾಗಿಯೇ ಮಾಡತೊಡಗಿದುವು. ಬೇಡವೆನ್ನುವವನು ಮಾತ್ರ ಹೇಳಬೇಕಾಯಿತು. ೨೦೦೧ರಲ್ಲಿ ಸ್ಥಾಪಿತವಾದ ಓವಾಸ್ಪ್ ಎಂಬ ಸಂಸ್ಥೆಯು ಪ್ರಕಟಿಸುತ್ತ ಬಂದಿರುವ ಹತ್ತು ಮುಖ್ಯ ಅಪಾಯಗಳ ಪಟ್ಟಿಯಲ್ಲಿ ಈ ದೋಷವು ೨೦೦೭ರಲ್ಲಿ ಮೊದಲನೆಯದಾಗಿದ್ದು, ೨೦೧೦ರಲ್ಲಿ ಎರಡನೆಯದೂ ೨೦೧೩ರಲ್ಲಿ ಮೂರನೆಯದೂ ೨೦೧೭ರಲ್ಲಿ ಏಳನೆಯದೂ ಆಯಿತು. ಪಟ್ಟಿಯ ಕ್ರಮವು ನಿಷ್ಕೃಷ್ಟವಾದ ಅಳತೆಯಲ್ಲದಿದ್ದರೂ ಗತಿಯು ಯಾವ ಕಡೆಗೆಂಬುದನ್ನು ಅದು ತೋರಿಸದಿರದು.

೭

ಮುಂದಿನ ಎರಡು ಪ್ರಕರಣಗಳು ದೋಷವು ಎಷ್ಟು ಅನಿರೀಕ್ಷಿತವಾದ ಮೂಲೆಗಳಲ್ಲಿ ಅಡಗಿರಬಲ್ಲುದೆಂಬುದನ್ನು ತಿಳಿಸುತ್ತವೆ. ಅಪಾಚೆ ಸ್ಟ್ರಟ್ಸ್ ಎಂಬ ಸಾಧನವು, ಬಂದ ಮಾತು ತಪ್ಪಾಗಿದೆಯೆಂದು ತಿಳಿಸುವ ವಾಕ್ಯವನ್ನು ರಚಿಸುವಾಗ, ಆ ತಪ್ಪಾದ ಮಾತಿನೊಳಗಿದ್ದ ಸೂತ್ರವನ್ನೇ ಬಿಡಿಸಿ ನಡೆಸುತ್ತಿದ್ದಿತು. ಇದರ ಪರಿಹಾರವು ೨೦೧೭ರ ಮಾರ್ಚಿಯಲ್ಲಿ ಪ್ರಕಟವಾಯಿತು. ಎಕ್ವಿಫ್ಯಾಕ್ಸ್ ಎಂಬ ಅಮೆರಿಕದ ಸಾಲವಿವರ ಸಂಸ್ಥೆಯ ಒಂದು ಪುಟದಲ್ಲಿ ಅದನ್ನು ಅಳವಡಿಸದೆ ಇದ್ದುದರಿಂದ, ಮೇ ತಿಂಗಳಿನಿಂದ ಜುಲೈಯವರೆಗೆ ಕಳ್ಳರು ಒಳಗಿದ್ದರು. ಸುಮಾರು ೧೪ ಕೋಟಿ ೭೦ ಲಕ್ಷ ಜನರ ವಿವರಗಳು ಹೋದುವು. ೨೦೨೧ರ ಡಿಸೆಂಬರಿನಲ್ಲಿ ಬೆಳಕಿಗೆ ಬಂದ ಲಾಗ್೪ಜೆ ಎಂಬ ಸಾಧನದ ಲೋಪವೂ ಇದೇ ಜಾತಿಯದು. ನಡೆದುದನ್ನು ದಿನಚರಿಯಲ್ಲಿ ಬರೆದಿಡುವುದಷ್ಟೇ ಅದರ ಕೆಲಸ. ಆದರೆ ಬರೆಯುವ ಮಾತಿನಲ್ಲಿ ಒಂದು ವಿಶೇಷಚಿಹ್ನೆಯಿದ್ದರೆ ಅದನ್ನು ಬಿಡಿಸುವುದಕ್ಕೆ ಹೊರಗಿನ ಸರ್ವರಿನಿಂದ ಪ್ರೋಗ್ರಾಮನ್ನು ತಂದು ನಡೆಸುವಂತಾಗಿದ್ದಿತು. ಹಾಜರಿಪುಸ್ತಕದಲ್ಲಿ ಹೆಸರನ್ನು ಬರೆದ ಮಾತ್ರಕ್ಕೆ ಖಜಾನೆಯ ಬಾಗಿಲು ತೆರೆದಂತಾಯಿತು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ವೆಬ್ಬಿನ ಲೋಪಗಳೆಲ್ಲವೂ ಮಾತು ಆಜ್ಞೆಯಾಗುವುದರಿಂದಲೇ ಆದುವಲ್ಲ, ೨೦೨೧ರ ಓವಾಸ್ಪ್ ಪಟ್ಟಿಯಲ್ಲಿ ಇಂಜೆಕ್ಷನ್ ಮೂರನೆಯದಾಗಿ, ಅಧಿಕಾರವನ್ನು ಪರೀಕ್ಷಿಸದಿರುವ ದೋಷವು ಮೊದಲನೆಯದಾಯಿತಲ್ಲವೆ ಎಂದು ಕೇಳಬಹುದು. ಈ ಆಕ್ಷೇಪವು ಯುಕ್ತವಾದುದೇ. ಫಸ್ಟ್ ಅಮೆರಿಕನ್ ಎಂಬ ಸಂಸ್ಥೆಯ ತಾಣದಲ್ಲಿ ದಾಖಲೆಯ ವಿಳಾಸದೊಳಗಿನ ಒಂದು ಅಂಕೆಯನ್ನು ಬದಲಿಸಿದರೆ ಇನ್ನೊಬ್ಬರ ದಾಖಲೆಯು ಕಾಣಿಸುತ್ತಿದ್ದಿತೆಂದೂ, ಹೀಗೆ ಸುಮಾರು ೮೮ ಕೋಟಿ ೫೦ ಲಕ್ಷ ದಾಖಲೆಗಳು ಬಯಲಿಗೆ ಬಿದ್ದಿದ್ದುವೆಂದೂ ಪತ್ರಕರ್ತರಾದ ಬ್ರಯಾನ್ ಕ್ರೆಬ್ಸ್ ಎಂಬವರು ೨೦೧೯ರ ಮೇ ತಿಂಗಳಿನಲ್ಲಿ ಪ್ರಕಟಿಸಿದರು. ಇಲ್ಲಿ ಯಾವ ಮಾತೂ ಆಜ್ಞೆಯಾಗಲಿಲ್ಲ. ಕೇಳಿದವನಿಗೆ ಕೇಳುವ ಹಕ್ಕಿದೆಯೆ ಎಂದು ಯಾರೂ ವಿಚಾರಿಸಲಿಲ್ಲ, ಅಷ್ಟೆ. ಇದಕ್ಕೆ ಲಕೋಟೆಯನ್ನು ಬೇರೆಮಾಡುವುದರಿಂದ ಪ್ರಯೋಜನವಿಲ್ಲ. ಪ್ರತಿಯೊಂದು ಬೇಡಿಕೆಯಲ್ಲಿಯೂ ಬೇಡಿದವನ ಹಕ್ಕನ್ನು ಪರೀಕ್ಷಿಸುವುದೊಂದೇ ದಾರಿ. ಆದುದರಿಂದ ಇವೆರಡನ್ನೂ ಭಿನ್ನಜಾತಿಗಳೆಂದೇ ಎಣಿಸಬೇಕು. ಆದರೂ ಒಂದು ಅಂಶದಲ್ಲಿ ಅವು ಸಮಾನವಾಗಿವೆ. ಎರಡರಲ್ಲಿಯೂ ಬರೆದವನು ತನ್ನ ಮುಂದೆ ಕುಳಿತ ಸಜ್ಜನನನ್ನು ಕಲ್ಪಿಸಿಕೊಂಡು ಬರೆದನು. ಸಂದದ್ದೋ ದಾರಿಹೋಕನ ಕೈಗೆ.

೮

ಈವರೆಗೆ ಹೇಳಿದುದರಿಂದ ಸಿದ್ಧವಾಗುವುದು ಇದು. ಇಂಜೆಕ್ಷನ್ ಎಂಬ ದೋಷವು ಉಳಿದುದಕ್ಕೆ ಜ್ಞಾನದ ಅಭಾವವು ಕಾರಣವಲ್ಲ. ಮಾದರಿಗಳು ದೋಷವನ್ನೇ ಕಲಿಸಿದುವು. ಅಗ್ಗವಾದ ಸಾಧನದಲ್ಲಿ ಸರಿಯಾದ ದಾರಿಯು ಬಹುಕಾಲ ಇರಲಿಲ್ಲ, ಬಂದ ಮೇಲೆಯೂ ತಪ್ಪುದಾರಿಯು ಮುಚ್ಚದೆ ಉಳಿಯಿತು. ಚಿಕಿತ್ಸೆಯು ಮಾತು ಆಜ್ಞೆಯಾಗುವ ಸ್ಥಳದಲ್ಲಿ ನಡೆಯದೆ ಬಾಗಿಲಲ್ಲಿ ನಡೆಯಿತು. ಹಳೆಯ ಪುಟಗಳಿಗೆ ಯಜಮಾನರಿಲ್ಲದೆಹೋದರು. ಈ ನಾಲ್ಕರಲ್ಲಿ ಒಂದಕ್ಕೂ ಒಬ್ಬ ಪ್ರೋಗ್ರಾಮರನ ಅಜಾಗರೂಕತೆಯನ್ನು ಮಾತ್ರ ಹಳಿದು ಸುಮ್ಮನಾಗುವಂತಿಲ್ಲ.

ಎಂ‌ಐಟಿಆರ್‌ಇ ಸಂಸ್ಥೆಯ ಸ್ಟೀವ್ ಕ್ರಿಸ್ಟಿ ಎಂಬವರು ೨೦೦೭ರಲ್ಲಿಯೇ ಇಂತಹ ಲೋಪಗಳನ್ನು ಅಕ್ಷಮ್ಯವೆಂದು ಕರೆದಿದ್ದರು. ಆದರೂ ೨೦೨೩ರ ಮೇ ತಿಂಗಳಿನಲ್ಲಿ ಮೂವ್‌ಇಟ್ ಎಂಬ ಕಡತರವಾನೆಯ ತಂತ್ರಾಂಶದಲ್ಲಿ ಎಸ್‌ಕ್ಯೂ‌ಎಲ್ ಇಂಜೆಕ್ಷನ್ ಕಂಡುಬಂದು ೨,೦೦೦ಕ್ಕೂ ಮೇಲ್ಪಟ್ಟ ಸಂಸ್ಥೆಗಳಿಗೆ ಹಾನಿಯಾಯಿತು. ೨೦೨೪ರ ಮಾರ್ಚಿಯಲ್ಲಿ ಅಮೆರಿಕದ ಸರಕಾರದವರು ತಂತ್ರಾಂಶದ ತಯಾರಕರಿಗೆ ಈ ಒಂದೇ ದೋಷವನ್ನು ಕುರಿತು ಮತ್ತೊಮ್ಮೆ ಸೂಚನೆ ಕೊಡಬೇಕಾಯಿತು. ನಮ್ಮ ದೇಶದಲ್ಲಿಯೂ ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಜನರ ವಿವರಗಳನ್ನು ಇಟ್ಟುಕೊಂಡವರು ತಕ್ಕ ರಕ್ಷಣೆಯನ್ನು ಮಾಡದಿದ್ದರೆ ೨೫೦ ಕೋಟಿ ರೂಪಾಯಿಗಳ ವರೆಗೆ ದಂಡವನ್ನು ಹೇಳಿದೆ. ಹೊಣೆಯು ಬರೆದವನಿಂದ ಇಟ್ಟುಕೊಂಡವನ ಕಡೆಗೂ ಸರಿಯುತ್ತಿರುವುದು ಉಚಿತವೇ ಆಗಿದೆ.

ಈ ಚರಿತ್ರೆಯನ್ನು ಈಗ ನೆನೆಯುವುದಕ್ಕೆ ಮತ್ತೊಂದು ಕಾರಣವುಂಟು. ಮನುಷ್ಯರ ಭಾಷೆಯಲ್ಲಿಯೇ ಆಜ್ಞೆಯನ್ನು ಕೇಳಿ ಉತ್ತರಿಸುವ ಭಾಷಾಮಾದರಿಗಳೆಂಬ ಯಂತ್ರಗಳು ಬಂದಿವೆ. ಒಂದು ಕಾಗದವನ್ನು ಸಂಗ್ರಹಿಸಿ ಹೇಳೆಂದು ಒಡೆಯನು ಕೊಟ್ಟರೆ, ಆ ಕಾಗದದೊಳಗೆ ಬೇರೊಬ್ಬನು ಅಡಗಿಸಿದ ಆಜ್ಞೆಯನ್ನು ಯಂತ್ರವು ಒಡೆಯನದೆಂದು ಕೊಳ್ಳುವ ಸಂಭವವಿದೆ. ಸೈಮನ್ ವಿಲಿಸನ್ ಎಂಬವರು ೨೦೨೨ರ ಸೆಪ್ಟೆಂಬರಿನಲ್ಲಿ, ಹಳೆಯ ದೋಷದ ಸಾಮ್ಯದಿಂದಲೇ, ಇದಕ್ಕೆ 'ಪ್ರಾಂಪ್ಟ್ ಇಂಜೆಕ್ಷನ್' ಎಂದು ಹೆಸರಿಟ್ಟರು. ಎಸ್‌ಕ್ಯೂಎಲ್‌ಗಾದರೋ ಬೇರೆ ಲಕೋಟೆಯೆಂಬ ನಿಶ್ಚಿತವಾದ ಔಷಧವಿದ್ದಿತು. ಇಲ್ಲಿ ಮಾತೂ ಆಜ್ಞೆಯೂ ಒಂದೇ ಓಲೆಯಲ್ಲಿ, ಒಂದೇ ಭಾಷೆಯಲ್ಲಿ ಬರುತ್ತವೆ. ಅಂತಹ ನಿಶ್ಚಿತವಾದ ಬೇಲಿಯು ಇವುಗಳಿಗಿಲ್ಲ. ಆದುದರಿಂದ ಇಂತಹ ಯಂತ್ರದ ಕೈಗೆ ಎಷ್ಟು ಅಧಿಕಾರವನ್ನು ಕೊಡಬೇಕೆಂಬುದನ್ನು ಮೊದಲೇ ಮಿತಗೊಳಿಸುವುದು ವಿವೇಕ. ಔಷಧವಿದ್ದ ರೋಗವೇ ಕಾಲು ಶತಮಾನ ಬಾಳಿತು. ಔಷಧವಿನ್ನೂ ಸಿದ್ಧವಿಲ್ಲದ ರೋಗದ ವಿಷಯದಲ್ಲಿ ಪಥ್ಯವನ್ನಾದರೂ ಕಟ್ಟುನಿಟ್ಟಾಗಿ ನಡೆಸಬೇಕಷ್ಟೆ. ಹೊರಗಿನವನ ಮಾತು ಎಲ್ಲಿ ಮುಗಿಯಿತು, ನಮ್ಮ ಆಜ್ಞೆಯು ಎಲ್ಲಿ ಮೊದಲಾಯಿತು ಎಂಬ ಪ್ರಶ್ನೆಯನ್ನು ಬರೆಯುವವರು ಪ್ರತಿಯೊಂದು ತೆರವಿನೆಡೆಯಲ್ಲಿಯೂ ಕೇಳಿಕೊಳ್ಳುವಂತಾದರೆ ಈ ಚರಿತ್ರೆಯನ್ನು ಬರೆದುದು ಸಾರ್ಥಕವಾಗುತ್ತದೆ.